ಹೊಲಿಗೆ ನಿಂತಲ್ಲಿ ಹಾಡು

"ಮತ್ತೆ ಯಾಕೆ ನಿಲ್ಲಿಸಿದೆ ಮರಿ?"

ಹಾರ್ಮೋನಿಯಂ ತಾತ ಬೆರಳು ಎತ್ತಿಕೊಂಡು ಕೂತಿದ್ದರು. ಬುಗುರಿ ಸ್ಟೇಜಿನ ನಡುವೆ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಮೊದಲ ಸಾಲನ್ನು ಸೊಗಸಾಗಿ ಹಾಡಿದ್ದಳು. ಆಮೇಲೆ ಗಕ್ಕನೆ ನಿಂತುಬಿಟ್ಟಿದ್ದಳು. ಅವಳು ಎರಡನೇ ಸಾಲು ಎತ್ತಿಕೊಳ್ಳುವಷ್ಟರಲ್ಲಿ ಹಾರ್ಮೋನಿಯಂ ಮೂರನೇ ಸಾಲಿಗೆ ಹೋಗಿಯಾಗಿತ್ತು. ಹೀಗಾಗಿದ್ದು ಇದು ಎರಡನೇ ಸಲ.

ಬುಗುರಿ ಅನ್ನುವುದು ಅವಳ ನಿಜವಾದ ಹೆಸರಲ್ಲ. ನಿಂತಲ್ಲಿ ನಿಲ್ಲದ ಹುಡುಗಿ ಎಂದು ಅಮ್ಮ ಇಟ್ಟ ಹೆಸರು. ಅಂಥವಳು ಈಗ ನಿಲ್ಲಬಾರದ ಕಡೆಯೇ ನಿಂತಿದ್ದಳು.

ಕುರ್ಚಿಗಳ ಮೇಲೆ ಕೂತಿದ್ದ ಮಕ್ಕಳು ಕಿಸಕ್ಕನೆ ನಕ್ಕರು. ಬಡಾವಣೆಯ ನಾಟಕ ತಂಡದ ಆಡಿಷನ್ ಅದು. ಈ ವರ್ಷ ಹಾಡು, ಕುಣಿತ ಎಲ್ಲ ಇರುವ ದೊಡ್ಡ ಮ್ಯೂಸಿಕಲ್. ಅದರಲ್ಲಿ ದೋಣಿಯವನ ಮಗಳ ಪಾರ್ಟು ಒಂದೇ ಒಂದು. ಬುಗುರಿಗೆ ಅದು ಬೇಕೇ ಬೇಕಿತ್ತು. ಹದಿನೈದು ದಿನದಿಂದ ಅವಳಿಗೆ ಬೇರೆ ಮಾತೇ ಇರಲಿಲ್ಲ.

ಡೈರೆಕ್ಟರ್ ಆಂಟಿ ಎದ್ದು ಸ್ಟೇಜಿನ ಹತ್ತಿರ ಬಂದರು. ಹಗಲು ಹೊತ್ತು ಅವರು ಪೋಸ್ಟ್ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದರು. ಸಂಜೆಯಾದರೆ ನಾಟಕ.

"ಭಯ ಆಗ್ತಿದೆಯಾ?"

"ಇಲ್ಲ ಆಂಟಿ."

"ಮತ್ತೆ? ಸಾಲು ಮರೆತುಹೋಗುತ್ತಾ?"

"ಮರೆತಿಲ್ಲ. ನಮ್ಮಪ್ಪನಿಂದ ಹೀಗಾಗಿದ್ದು," ಎಂದಳು ಬುಗುರಿ ದುಮುದುಮು ಮುಖ ಮಾಡಿಕೊಂಡು. "ಅವರ ಮಿಷನ್ ಪಕ್ಕದಲ್ಲೇ ನಾನು ಪ್ರಾಕ್ಟೀಸ್ ಮಾಡೋದು. ಅದು ನಿಂತಾಗೆಲ್ಲ ನಾನೂ ನಿಲ್ತೀನಿ. ಅದೇ ರೂಢಿಯಾಗಿಬಿಟ್ಟಿದೆ."

ಹಾಲ್ ಪೂರ್ತಿ ಗೊಳ್ಳೆಂದು ನಕ್ಕಿತು. ಹಾರ್ಮೋನಿಯಂ ತಾತನೂ ನಕ್ಕರು.

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅಪ್ಪ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಪ್ಪ ಮಿಷನ್ ತುಳಿದರೆ ಟಕಟಕ ಟಕಟಕ ಎಂದು ಒಳ್ಳೆಯ ತಾಳ ಸಿಗುತ್ತಿತ್ತು. ಆದರೆ ಒಂದು ಹೊಲಿಗೆ ಮುಗಿದ ಕೂಡಲೇ ಅಪ್ಪ ನಿಲ್ಲಿಸುತ್ತಿದ್ದರು. ದಾರ ಕತ್ತರಿಸಿ, ಬಟ್ಟೆ ತಿರುಗಿಸಿ, ಮತ್ತೆ ತುಳಿಯುತ್ತಿದ್ದರು. ಅಷ್ಟು ಹೊತ್ತು ಬುಗುರಿ ಕಾಯುತ್ತಿದ್ದಳು. ಕಾಯುವುದೂ ಹಾಡಿನೊಳಗೆ ಸೇರಿಕೊಂಡದ್ದು ಇಬ್ಬರಿಗೂ ಗೊತ್ತಾಗಿರಲಿಲ್ಲ.

ಅಪ್ಪ ಹಿಂದಿನ ಸಾಲಿನಲ್ಲಿ ಕೂತಿದ್ದರು. ಮಗಳ ಹಾಡು ಕೇಳಲೆಂದು ಅಂಗಡಿಯ ಬಾಗಿಲು ಎಳೆದುಕೊಂಡು ಬಂದಿದ್ದರು. ಎಲ್ಲರ ಜೊತೆ ಅವರೂ ನಕ್ಕರು. ಆಮೇಲೆ ಪ್ಯಾಂಟಿಗೆ ಅಂಟಿದ ದಾರದ ಚೂರುಗಳನ್ನು ಒಂದೊಂದಾಗಿ ಕೀಳತೊಡಗಿದರು.

"ಧ್ವನಿ ಇಂಪಾಗಿದೆ," ಎಂದರು ಆಂಟಿ. "ಮುಂದಿನ ಭಾನುವಾರ ಇನ್ನೊಂದು ಸಲ ಬಾ. ನೀನು, ಆ ಉದ್ದ ಜಡೆ ಹುಡುಗಿ, ಇಬ್ಬರಲ್ಲಿ ಒಬ್ಬರನ್ನ ಆ ಪಾರ್ಟಿಗೆ ತಗೋತೀನಿ."

ಮನೆಯವರೆಗೂ ಬುಗುರಿ ಮುಖ ಊದಿಸಿಕೊಂಡೇ ನಡೆದಳು.

ಮಾರನೆಯ ದಿನ ಸ್ಕೂಲಿನಿಂದ ಬಂದು ಅವಳು ಹಾಡು ಶುರು ಮಾಡಿದಾಗ ಅಪ್ಪ ಮಿಷನ್ ಬಿಟ್ಟು ಎದ್ದರು. ಬಾಗಿಲ ಬಳಿ ಸ್ಟೂಲ್ ಹಾಕಿಕೊಂಡು, ಸೂಜಿ ಹಿಡಿದು ಶರ್ಟಿಗೆ ಗುಂಡಿ ಹಾಕುತ್ತ ಕೂತರು.

ಬುಗುರಿಗೆ ಖುಷಿಯಾಯಿತು. ಈಗ ಮನೆ ತಣ್ಣಗಿತ್ತು.

"ಆಚೆ ದಡಕೆ ಯಾರು ಬರುವಿರಿ, ಬನ್ನಿ ಬೇಗನೆ,
ಗಾಳಿ ಏಳೋ ಮುನ್ನ ನಮ್ಮ ದೋಣಿ ಹೊರಡಲಿ..."

ಮಂಗಳವಾರವೂ ಹಾಗೇ. ಬುಧವಾರವೂ ಹಾಗೇ. ಹಾಕಲು ಗುಂಡಿಗಳು ಮುಗಿದವು. ಅಪ್ಪ ಮಿಷನ್ನಿನಲ್ಲಿ ಎರಡು ನಿಮಿಷಕ್ಕೆ ಆಗುವ ಅಂಚನ್ನು ಕೈಯಲ್ಲೇ ಹೊಲಿಯತೊಡಗಿದರು. ಬುಗುರಿ ಅದನ್ನು ಕಂಡೂ ಕಾಣದಂತೆ ಇದ್ದಳು.

ಗುರುವಾರ ಸಂಜೆ ಸ್ಕೂಲಿನ ವಾಚ್‌ಮನ್ ಮಾಮ ಬಂದರು.

"ನನ್ನ ಯೂನಿಫಾರ್ಮ್ ಪ್ಯಾಂಟ್ ಕೊಡಪ್ಪ. ಇವತ್ತು ಕೊಡ್ತೀನಿ ಅಂದಿದ್ದೆ."

ಅಪ್ಪ ಸೂಜಿ ಕೆಳಗಿಟ್ಟರು. "ಆಗಿಲ್ಲ ಕಣಣ್ಣ. ನಾಳೆ ಬಾ."

ವಾಚ್‌ಮನ್ ಮಾಮ ಕಣ್ಣು ಕಣ್ಣು ಬಿಟ್ಟರು. "ನೀನೂ ನಾಳೆ ಬಾ ಅನ್ನೋಕೆ ಶುರು ಮಾಡಿದೆಯಾ? ಬೇರೆ ಟೈಲರ್‌ಗಳನ್ನೆಲ್ಲ ಬಿಟ್ಟು ನಿನ್ನ ಹತ್ರ ಬರೋದೇ ನೀನು ಹಾಗನ್ನಲ್ಲ ಅಂತ."

ಬೈಯಲಿಲ್ಲ, ತಮಾಷೆಯಾಗಿಯೇ ಅಂದು ಹೋದರು. ಆದರೂ ಅಪ್ಪನ ಮುಖ ಚಿಕ್ಕದಾಯಿತು. ಹೇಳಿದ ದಿನಕ್ಕೆ ಬಟ್ಟೆ ಕೊಡುವುದು ಅಪ್ಪನ ಹೆಮ್ಮೆ. 'ನಾಳೆ ಬಾ' ಎನ್ನುವ ಮಾತು ಆ ಅಂಗಡಿಯಲ್ಲಿ ಬುಗುರಿ ಕೇಳಿದ್ದು ಅದೇ ಮೊದಲು.

ಅವಳು ಅಡುಗೆಮನೆಗೆ ಹೋದಳು.

"ಅಮ್ಮಾ, ಅಪ್ಪ ಯಾಕೆ ಮಿಷನ್ ತುಳಿತಿಲ್ಲ?"

"ನೀನಿಲ್ಲದಾಗ ತುಳಿತಾರಲ್ಲ," ಎಂದಳು ಅಮ್ಮ, ಅಕ್ಕಿ ಆರಿಸುತ್ತಲೇ. "ನೀನು ಸ್ಕೂಲಿಗೆ ಹೋದ ಮೇಲೆ ಊಟಕ್ಕೂ ಏಳಲ್ಲ. ನೀನು ಬರೋ ಹೊತ್ತಿಗೆ ನಿಲ್ಲಿಸಿಬಿಡ್ತಾರೆ. ನನ್ನಿಂದ ಮಗು ಹಾಡು ಕೆಟ್ಟಿತು, ನಾಲ್ಕು ಜನರ ಮುಂದೆ ನಗೆಪಾಟಲಾಯ್ತು ಅಂತ ಕೊರಗು."

ನಗೆಪಾಟಲಾದದ್ದು ತಾನೊಬ್ಬಳೇ ಎಂದು ಬುಗುರಿ ಅಂದುಕೊಂಡಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಕನ್ನಡ ಮಿಸ್ ಬೋರ್ಡಿನ ಮೇಲೆ ಬರೆಸಿದಾಗ ಅಕ್ಷರ ತಪ್ಪಿಲ್ಲದೆ ಬರೆದು ಬೆನ್ನು ತಟ್ಟಿಸಿಕೊಂಡವಳು ಅವಳೇ. ಅದರ ಅರ್ಥ ತಿಳಿದದ್ದು ಮಾತ್ರ ಈಗ.

ಅವಳು ಹೊರಗೆ ಬಂದು, ಮತ್ತೆ ಹೊಲಿಯುತ್ತ ಕೂತಿದ್ದ ಅಪ್ಪನ ಕೈಯಿಂದ ಸೂಜಿ ತೆಗೆದುಕೊಂಡಳು.

"ಅಪ್ಪ, ಮಿಷನ್ ತುಳಿ."

"ಬೇಡ ಪುಟ್ಟ. ಮತ್ತೆ ನಿಂತುಬಿಡ್ತೀಯ."

"ನಿಂತ್ರೆ ಮತ್ತೆ ಮೊದಲಿನಿಂದ ಹಾಡ್ತೀನಿ. ಮಾಮಂಗೆ ನಾಳೆ ಪ್ಯಾಂಟ್ ಬೇಕಲ್ಲ?"

ಅಪ್ಪ ಅನುಮಾನಿಸುತ್ತಲೇ ಕೂತು ತುಳಿದರು. ಟಕಟಕ ಟಕಟಕ. ಬುಗುರಿ ಹಾಡಿದಳು. ಹೊಲಿಗೆ ಮುಗಿಯಿತು, ಮಿಷನ್ ನಿಂತಿತು, ಬುಗುರಿಯೂ ನಿಂತಳು. ಅಪ್ಪ ತಲೆ ಕೆರೆದುಕೊಂಡರು.

"ಇರಲಿ, ಇನ್ನೊಂದ್ಸಲ," ಎಂದಳು ಬುಗುರಿ.

ನಾಲ್ಕು ಸಲ ನಿಂತಳು. ಐದನೇ ಸಲ ಮಿಷನ್ ನಿಂತಾಗ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಕಾಲಲ್ಲಿ ತಾನೇ ತಾಳ ಹಾಕುತ್ತ ಮುಂದಿನ ಸಾಲಿಗೆ ದಾಟಿಬಿಟ್ಟಳು. ಅಪ್ಪ ದಾರ ಕತ್ತರಿಸುವುದನ್ನೂ ಮರೆತು ನೋಡುತ್ತ ಕೂತರು. ಶುಕ್ರವಾರ ಮಾಮನ ಪ್ಯಾಂಟು ಹೊಲಿದು ಕೊಟ್ಟದ್ದಾಯಿತು. ಶನಿವಾರ ಅಪ್ಪ ಬೇಕುಬೇಕೆಂದೇ ಎಲ್ಲೆಂದರಲ್ಲಿ ನಿಲ್ಲಿಸಿ ಅವಳನ್ನು ಬೀಳಿಸಲು ನೋಡಿದರು. ಅವಳು ಬೀಳಲಿಲ್ಲ.

ಭಾನುವಾರ ಅಪ್ಪ ಜೊತೆಗೆ ಬಂದರು. ಆದರೆ ಹಾಲ್ ಒಳಗೆ ಬರಲಿಲ್ಲ.

"ನೀನು ಹೋಗು. ನಾನು ಇಲ್ಲೇ ಗೇಟಿನ ಹತ್ರ ಇರ್ತೀನಿ. ನನ್ನ ಮುಖ ನೋಡಿದ್ರೆ ಮತ್ತೆ ಮಿಷನ್ ಜ್ಞಾಪಕ ಬರುತ್ತೆ," ಎಂದು ನಕ್ಕರು.

ಬುಗುರಿ ಹಾಡಿದಳು. ಹಾರ್ಮೋನಿಯಂ ಜೊತೆಜೊತೆಗೇ, ಕೊನೆಯ ಸಾಲಿನವರೆಗೂ. ತಾತ ತಲೆದೂಗಿದರು. ಆಮೇಲೆ ಉದ್ದ ಜಡೆಯ ಹುಡುಗಿ ಹಾಡಿದಳು. ಅವಳು ಬಾಯಿ ತೆರೆದರೆ ಕಿಟಕಿಯ ಆಚೆ ಇದ್ದವರೂ ತಿರುಗಿ ನೋಡಬೇಕು, ಅಂಥ ಧ್ವನಿ. ಅದನ್ನು ಕೇಳುತ್ತಿದ್ದ ಹಾಗೇ ಪಾರ್ಟು ಯಾರಿಗೆ ಎಂದು ಬುಗುರಿಗೆ ತಿಳಿದುಹೋಯಿತು.

ಆಂಟಿ ಬುಗುರಿಯನ್ನು ಪಕ್ಕಕ್ಕೆ ಕರೆದರು. "ಎಲ್ಲೂ ನಿಲ್ಲಲಿಲ್ಲ ನೀನು. ಭೇಷ್. ಆದರೆ ನಮ್ಮ ಹಾಲ್ ದೊಡ್ಡದು ಮರಿ. ಹಿಂದಿನ ಸಾಲಿಗೂ ಕೇಳಬೇಕು. ದೋಣಿಯಲ್ಲಿ ಬರೋ ಪ್ರಯಾಣಿಕರಲ್ಲಿ ನೀನಿರು. ಎರಡು ಸಾಲು ನೀನೊಬ್ಬಳೇ ಹಾಡೋದಿದೆ."

ಬುಗುರಿ ತಲೆಯಾಡಿಸಿದಳು. ಅಳು ಬಂತು. ನಲ್ಲಿಯ ಹತ್ತಿರ ಹೋಗಿ ಮುಖ ತೊಳೆದುಕೊಂಡಳು. ನಾಲ್ಕು ದಿನ ಅಪ್ಪ ಸೂಜಿ ಹಿಡಿದು ಕೂತದ್ದೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತಲ್ಲ ಅನ್ನಿಸಿತು.

ಗೇಟಿನ ಹತ್ತಿರ ಅಪ್ಪ ಕಂಬಿ ಹಿಡಿದುಕೊಂಡು ನಿಂತಿದ್ದರು. ಅವಳನ್ನು ಕಂಡು ಎರಡು ಹೆಜ್ಜೆ ಮುಂದೆ ಬಂದರು.

"ನಿಂತೆಯಾ?" ಎಂದು ಕೇಳಿದರು.

ಪಾರ್ಟು ಸಿಕ್ಕಿತಾ ಎಂದು ಅಪ್ಪ ಕೇಳಲಿಲ್ಲ. ಬುಗುರಿ ಅವರ ಮುಖ ನೋಡಿದಳು. ವಾರವಿಡೀ ಅಪ್ಪ ಹೊತ್ತುಕೊಂಡು ತಿರುಗಿದ್ದು ಈ ಒಂದೇ ಪ್ರಶ್ನೆಯನ್ನು. ಪಾರ್ಟು ಸಿಗಲಿಲ್ಲ ಎಂದು ಮೊದಲು ಹೇಳಿದರೆ ಉಳಿದದ್ದು ಯಾವುದೂ ಅವರ ಕಿವಿಗೆ ಬೀಳುವುದಿಲ್ಲ.

"ಇಲ್ಲ ಅಪ್ಪ."

"ಎಲ್ಲೂ?"

"ಎಲ್ಲೂ ನಿಲ್ಲಲಿಲ್ಲ. ಆಂಟಿನೇ ಭೇಷ್ ಅಂದ್ರು."

ಅಪ್ಪ ಉಸಿರು ಬಿಟ್ಟರು. ಭುಜ ಇಳಿಯಿತು, ಮುಖವೆಲ್ಲ ನಗುವಾಯಿತು. ಬುಗುರಿ ಅವರ ಕೈ ಹಿಡಿದುಕೊಂಡು ನಡೆದಳು. ರಸ್ತೆಯ ತಿರುವು ದಾಟುವವರೆಗೂ ಏನೂ ಹೇಳಲಿಲ್ಲ. ಅಪ್ಪ ಆ ನಗುವನ್ನು ಪೂರ್ತಿ ನಗಲಿ ಎಂದು ಕಾದಳು. ಆಮೇಲೆ ಮೆಲ್ಲಗೆ, ಪಾರ್ಟಿನ ವಿಷಯ ಹೇಳಲು ಶುರು ಮಾಡಿದಳು.