ಮರುಭೂಮಿಗೆ ಒಬ್ಬಳೇ

ಅರಬ್ಬೀ ಮರುಭೂಮಿಯಲ್ಲಿ ಐದು ದಿನ, ಇರುವುದರಲ್ಲೇ ಐಷಾರಾಮಿ ಟೆಂಟು ಬೇಕೆಂದು ಹೆರಿಗೆ ವಾರ್ಡಿನ ನರ್ಸ್ ಕೇಳಿದಾಗ, ಟ್ರಾವೆಲ್ ಆಫೀಸಿನ ಪ್ಲಾನರ್ ರೂಢಿಯಂತೆ, ಹನಿಮೂನಾ ಎಂದುಬಿಟ್ಟ.

"ಅಲ್ಲ. ಹದಿನಾರು ವರ್ಷದಿಂದ ಮಕ್ಕಳ ಅಳು ಕೇಳ್ತಿದೀನಿ. ಐದು ದಿನ ಯಾರೂ ಅಳಬಾರದು, ಅಷ್ಟೇ."

ಅವನು ನಾಲಿಗೆ ಕಚ್ಚಿಕೊಂಡ. ಅವಳು ತಡೆದ ನಗು ಕೆನ್ನೆಯ ಗುಳಿಯಲ್ಲಿ ಸಿಕ್ಕಿಬಿತ್ತು.

ಆಮೇಲೆ ಪ್ರತಿ ಮಂಗಳವಾರ ಡ್ಯೂಟಿ ಮುಗಿಸಿ, ಸೋಪಿನ ವಾಸನೆಯ ಕೈಗಳೊಂದಿಗೆ ಅವಳು ಬರತೊಡಗಿದಳು. ಅವನು ಟೆಂಟಿನ ಮುಂದಿನ ಪುಟ್ಟ ಈಜುಕೊಳ, ದಿಬ್ಬದ ಮೇಲಿನ ಬೆಳಗಿನ ತಿಂಡಿ, ಒಂಟೆ ಸವಾರಿ ಎಲ್ಲದರ ಚಿತ್ರ ಹರವುತ್ತಿದ್ದ. ಒಂಟೆ ಮಾತ್ರ ಬೇಡವೆಂದಳು. ಅದರದು ಥೇಟ್ ತಮ್ಮ ಹೆಡ್ ನರ್ಸ್ ಮುಖವಂತೆ. ಮರಳು ನೋಡಲು ಅಷ್ಟು ದೂರ ಯಾಕೆ, ಎದುರುಮನೆ ಕಟ್ಟುತ್ತಿರುವಲ್ಲಿ ರಾಶಿ ಬಿದ್ದಿದೆಯಲ್ಲ ಎಂದು ಅಕ್ಕ ಛೇಡಿಸಿದ್ದನ್ನೂ ಹೇಳಿದಳು. ಅವನ ನಗುವಿಗೆ ಪಕ್ಕದ ಮೇಜಿನವರು ತಿರುಗಿ ನೋಡಿದರು.

ಅವಳು ಹೊರಡುವಾಗಲೆಲ್ಲ ಅವನದು ಒಂದೇ ಮಾತು: ಟೆಂಟು ಇನ್ನೂ ಕನ್‌ಫರ್ಮ್ ಆಗಿಲ್ಲ.

ಆರನೆಯ ಮಂಗಳವಾರ ಅವಳು ಬಾಡಿದ ಮುಖದಲ್ಲಿ ಬಂದಳು. ಟೆಂಟು ಸಿಗದಿದ್ದರೆ ನಾಳೆಯೇ ರಜೆ ವಾಪಸ್ ಕೊಡಬೇಕು, ಇನ್ನು ಎರಡು ವರ್ಷ ಸಿಗದು ಎಂದಳು. ಅವನು ಡ್ರಾಯರ್ ಎಳೆದು ಒಂದು ಕಾಗದ ಮುಂದಿಟ್ಟ. ಅದು ಕನ್‌ಫರ್ಮೇಶನ್, ತಿಂಗಳ ಹಿಂದಿನ ತಾರೀಖು.

"ಕೊಟ್ಟುಬಿಟ್ರೆ ನೀವು ಮತ್ತೆ ಬರಲ್ಲ ಅನಿಸ್ತು," ಎಂದ, ತಲೆ ಎತ್ತದೆ. "ತಪ್ಪಾಯ್ತು."

ಅವಳು ಕಾಗದ ಮಡಚಿಕೊಂಡು ಬಾಗಿಲವರೆಗೆ ಹೋದಳು. ಅವನು ಕುರ್ಚಿಯಿಂದ ಎದ್ದ. ಅವಳು ತಿರುಗಿ ಬಂದಳು.

"ಕೋಪ ಬಂದಿದೆ. ಐದು ದಿನದಲ್ಲಿ ಇಳಿಯುತ್ತೆ. ಒಬ್ಬಳೇ ಹೋಗ್ತೀನಿ, ಅದು ನನಗೆ ಬೇಕು. ವಾಪಸ್ ಬರೋ ದಿನ ಏರ್‌ಪೋರ್ಟಿಗೆ ಬನ್ನಿ."

ಅವನು ಎರಡು ಗಂಟೆ ಮೊದಲೇ ಹೋಗಿ ನಿಂತ. ಹೇಳಬೇಕಾದ್ದನ್ನು ಉರುಹೊಡೆದಿದ್ದ. ಬಿಸಿಲಿಗೆ ಮೂಗು ಸುಲಿದುಕೊಂಡು, ನಿದ್ದೆ ತುಂಬಿದ ಕಣ್ಣಲ್ಲಿ ಅವಳು ಟ್ರಾಲಿ ತಳ್ಳುತ್ತ ಹೊರಬಂದದ್ದೇ ತಡ, ಎಲ್ಲ ಮರೆತುಹೋಯಿತು. ಪ್ರಯಾಣ ಹೇಗಿತ್ತು ಎಂದಷ್ಟೇ ಕೇಳಿದ.

"ಅದು ಆಮೇಲೆ. ಇಷ್ಟ ಅಂತ ನೀವಿನ್ನೂ ಬಾಯಿಬಿಟ್ಟು ಹೇಳಿಲ್ಲ."

ಅವನು ತಡವರಿಸುತ್ತಲೇ ಹೇಳಿದ. ಅವಳು ಇನ್ನೊಂದು ಸಲ ಹೇಳಿಸಿಕೊಂಡಳು. ಆಮೇಲೆ ಟ್ರಾಲಿಯನ್ನು ಅವನಿಗೆ ಒಪ್ಪಿಸಿ, ಹಿಡಿಯ ಮೇಲಿದ್ದ ಅವನ ಕೈಮೇಲೆ ತನ್ನ ಕೈಯಿಟ್ಟು, ನಡೀರಿ ಎಂದಳು.