ಐದನೇ ಲೇನ್ ಮಾತ್ರ ಖಾಲಿ

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಬಂದ ಬೌಲಿಂಗ್ ಹಾಲಿನ ಒಡತಿ ಕೂರುವ ಮೊದಲೇ ದೂರು ಶುರುಮಾಡಿದಳು.

"ಆನ್‌ಲೈನಲ್ಲಿ ನೋಡಿದ್ರೆ ವಾರಾಂತ್ಯಕ್ಕೆ ಜಾಗಾನೇ ಇರಲ್ಲ ಮೇಡಂ. ಬರೋರು ಒಂದಿಬ್ಬರು. ಉಳಿದದ್ದೆಲ್ಲ ಸುಳ್ಳು ಬುಕಿಂಗ್. ಈ ವಾರಾನೂ ಹೀಗೇ ಆದ್ರೆ ಹಾಲ್ ಮುಚ್ಚೋದೇ ಸೈ."

ಇನ್ಸ್‌ಪೆಕ್ಟರಮ್ಮ ಎಫ್‌ಐಆರ್ ದಾಖಲಿಸಿದರು. ಬುಕಿಂಗಿನ ಹೆಸರು, ನಂಬರುಗಳ ಬೆನ್ನುಹತ್ತಿದ ಕಾನ್‌ಸ್ಟೇಬಲ್ ಮರುದಿನ ಪೆಚ್ಚು ಮೋರೆ ಹಾಕಿಕೊಂಡು ಬಂದ. "ಎಲ್ಲಾ ಬೊಗಳೆ ಮೇಡಂ."

ಇನ್ಸ್‌ಪೆಕ್ಟರ್ ಹಾಲಿಗೇ ಹೋಗಿ ಕಂಪ್ಯೂಟರಿನ ಮುಂದೆ ಕೂತರು. ಚೆಂಡು ಉರುಳಿಸುವ ಎಂಟು ಲೇನುಗಳಲ್ಲಿ ಕಳ್ಳ ಏಳನ್ನು ಬಾಚಿಕೊಂಡಿದ್ದ. ಪ್ರತಿ ಸಲವೂ ಉಳಿದದ್ದು ಐದನೆಯದೊಂದೇ.

"ಐದಕ್ಕೇನಾಗಿದೆ?"

"ಮಷೀನ್ ಕೆಟ್ಟಿದೆ. ಸಾಫ್ಟ್‌ವೇರಿನಿಂದ ತೆಗೆಯೋಕೆ ಮರೆತಿದ್ದೆ."

"ಕೆಟ್ಟಿರೋದು ಯಾರ್ಯಾರಿಗೆ ಗೊತ್ತು?"

"ಕೌಂಟರಿನ ಹುಡುಗಿಗೆ, ಕಸ ಗುಡಿಸೋ ಅಜ್ಜಿಗೆ, ನಮ್ಮ ಚಿಕ್ಕಪ್ಪಂಗೆ." ಒಡತಿಯ ದನಿ ಅಲ್ಲೇ ಕುಗ್ಗಿತು. "ಎಲ್ಲರೂ ನಮ್ಮೋರೇ ಮೇಡಂ."

ಅಬ್ಬಾ, ಆಗ ಇನ್ಸ್‌ಪೆಕ್ಟರಮ್ಮನ ಮುಖ ಅರಳಿದ್ದು ನೋಡಬೇಕಿತ್ತು! ಅವರು ಐದನೇ ಲೇನನ್ನು ರಿಪೇರಿ ಮಾಡಿಸಿದರು. ಆಮೇಲೆ ಒಡತಿಯ ಬಾಯಲ್ಲೇ ಮೂವರಿಗೂ ಬೇರೆಬೇರೆಯಾಗಿ ಮೂರು ಸುಳ್ಳು ಹೇಳಿಸಿದರು. ಐದು ಸರಿಹೋಯ್ತು, ಈಗ ಮೂರನೇ ಲೇನ್ ಕೆಟ್ಟಿದೆ ಎಂದು ಹುಡುಗಿಗೆ, ಏಳನೆಯದು ಎಂದು ಅಜ್ಜಿಗೆ, ಎರಡನೆಯದು ಎಂದು ಚಿಕ್ಕಪ್ಪನಿಗೆ.

ಶನಿವಾರ ಬೆಳಗಾಗುವಷ್ಟರಲ್ಲಿ ಸುಳ್ಳು ಬುಕಿಂಗ್‌ಗಳು ಬಂದು ಬಿದ್ದಿದ್ದವು. ಎರಡನೇ ಲೇನ್ ಮಾತ್ರ ಖಾಲಿ!

"ಸಿಕ್ಕಿಬಿದ್ದ!" ಕಾನ್‌ಸ್ಟೇಬಲ್ ಮೇಜು ಗುದ್ದಿದ. "ಮೇಡಂ, ತಲೆ ಅಂದ್ರೆ ಇದಪ್ಪಾ!"

ಒಡತಿ ಅಳುತ್ತಲೇ ಸುಳ್ಳು ಬುಕಿಂಗ್‌ಗಳನ್ನೆಲ್ಲ ರದ್ದುಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಅಸಲಿ ಗಿರಾಕಿಗಳು ಎಂಟೂ ಲೇನುಗಳನ್ನು ಹಿಡಿದಾಗಿತ್ತು. ಸಂಜೆ ಪಂಚರ ಸಮಕ್ಷಮ ಪಂಚನಾಮೆ ನಡೆಸಿ ಚಿಕ್ಕಪ್ಪನ ಮೊಬೈಲನ್ನು ಜಪ್ತಿ ಮಾಡಲಾಯಿತು. ಬುಕಿಂಗ್‌ಗಳೆಲ್ಲ ಅದರಲ್ಲೇ ಇದ್ದವು.

"ಕೆಟ್ಟ ಲೇನನ್ನ ಯಾಕೆ ಬಿಟ್ರಿ ಯಜಮಾನ್ರೇ?"

"ಕೆಟ್ಟಿರೋದನ್ನ ಗಿರಾಕಿಗೆ ಕೊಡೋದುಂಟಾ ಮೇಡಂ?"

"ಗಿರಾಕಿನೇ ಇರ್ಲಿಲ್ವಲ್ಲ!"

ಮುದುಕ ತಬ್ಬಿಬ್ಬಾದ. ಬುಕಿಂಗ್ ಬರೆದುಕೊಂಡ ಇಪ್ಪತ್ತು ವರ್ಷದ ರೂಢಿ, ಕೆಟ್ಟ ಲೇನಿನಿಂದ ಕೈ ತಾನಾಗಿಯೇ ಹಿಂದೆ ಸರಿದಿತ್ತು.

"ಸಾಫ್ಟ್‌ವೇರ್ ಬರೋ ಮುಂಚೆ ಎಲ್ಲರೂ ನಂಗೇ ಫೋನ್ ಮಾಡೋರು," ಎಂದ ಆಮೇಲೆ. "ದನಿ ಕೇಳಿದ್ರೆ ಯಾರ ಮನೆಯೋರು ಅಂತ ಹೇಳ್ತಿದ್ದೆ. ಇದು ಕೆಟ್ಟರೆ ಮತ್ತೆ ನನ್ನ ಕೇಳ್ತಾರೆ ಅಂದ್ಕೊಂಡೆ."

ಬಂಧಿಸಿ ಹೊರಗೆ ಕರೆದೊಯ್ಯುವಾಗ ಹಾಲ್ ಗಿಜಿಗುಡುತ್ತಿತ್ತು. ಕೇಕೆ, ಚಪ್ಪಾಳೆ, ದಡದಡ ಉರುಳುವ ಪಿನ್ನುಗಳು. ಕೌಂಟರಿನ ಹಿಂದೆ ನಿಂತ ಒಡತಿ ಕಣ್ಣೊರೆಸಿಕೊಂಡು ನಗುತ್ತಿದ್ದಳು. ಚಿಕ್ಕಪ್ಪ ಬಾಗಿಲಲ್ಲಿ ನಿಂತು ಒಂದೊಂದೇ ಲೇನನ್ನು ನೋಡಿದ.

"ನಾನಿಲ್ದೇನೂ ತುಂಬ್ತಲ್ಲ," ಎಂದು ಜೀಪು ಹತ್ತಿದ.