ಹೆಸರು ಬೇಡ, ಅಭಿಪ್ರಾಯ ಸಾಕು

ಚಿಕ್ಕಮ್ಮ ಆ ಮಾತು ಹೇಳಿದ್ದು ಚಹಾ ಕುಡಿಯುತ್ತಾ, ಫ್ಯಾನ್ ರಿಪೇರಿ ಮಾಡಿಸಬೇಕು ಅನ್ನುವಷ್ಟೇ ಸಲೀಸಾಗಿ.

"ಮುಂದಿನ ವರ್ಷದಿಂದ ಲ್ಯಾಬನ್ನ ಮೇಣದಕ್ಕನೇ ನಡೆಸ್ಲಿ ಅಂತಿದ್ದೀನಿ ಕಣೋ. ನೀನು ಆಫೀಸು ನೋಡ್ಕೊಂಡಿರು. ಕೆಲಸ ಗೊತ್ತಿರೋರ ಕೈಲೇ ಕೆಲಸ ಇರ್ಬೇಕು."

"ಸರಿ ಚಿಕ್ಕಮ್ಮ, ನೀವು ಹೇಳಿದ ಹಾಗೇ" ಅಂದ ಮ್ಯಾನೇಜರ್. ನಗು ಮುಖದ ಮೇಲಷ್ಟೇ ಇತ್ತು.

ಅದು ಹಲ್ಲು ಕಟ್ಟುವ ಲ್ಯಾಬು. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ. ಇಲ್ಲಿ ಹಲ್ಲುಸೆಟ್ಟು, ಕ್ಯಾಪು ತಯಾರಾಗಿ ಹೋಗುತ್ತವೆ. ಚಿಕ್ಕಪ್ಪ ಶುರು ಮಾಡಿದ್ದು. ಮಕ್ಕಳಿಲ್ಲ. ಅವರು ತೀರಿಕೊಂಡ ಮೇಲೆ ಚಿಕ್ಕಮ್ಮ "ಬಾರೋ, ನಿನ್ನದೇ ಅನ್ಕೊಂಡು ನೋಡ್ಕೋ" ಎಂದು ಅಕ್ಕನ ಮಗನನ್ನು ಕರೆಸಿಕೊಂಡಿದ್ದರು. ಅವನು ಇದ್ದ ಕೆಲಸ ಬಿಟ್ಟು ಬಂದಿದ್ದ. ಈಗ ನೋಡಿದರೆ, ಕಿಟಕಿ ಪಕ್ಕ ಕೂತು ಮೇಣದಲ್ಲಿ ಹಲ್ಲಿನ ಆಕಾರ ಕೆತ್ತುವ, ಎಲ್ಲರೂ ಮೇಣದಕ್ಕ ಅಂತ ಕರೆಯುವ ಹೆಂಗಸಿಗೆ ಎಲ್ಲವೂ. ಪ್ಲಾಸ್ಟರ್ ಧೂಳು ಅಂಗಿಗೆ ಹತ್ತುತ್ತದೆಂದು ಅವನು ಬೆಂಚುಗಳ ಕಡೆ ಸುಳಿದವನಲ್ಲ, ನಿಜ. ಆದರೆ ಮ್ಯಾನೇಜರ್ ಅನ್ನುವವನು ಇರುವುದು ಧೂಳು ತಿನ್ನುವುದಕ್ಕಲ್ಲವಲ್ಲ.

ಕ್ಯಾಪುಗಳಿಗೆ ಬೇಕಾದ ಚಿನ್ನದ ತುಣುಕುಗಳು ಚಿಕ್ಕಮ್ಮನ ಕೋಣೆಯ ಕಪಾಟಿನಲ್ಲಿರುತ್ತಿದ್ದವು. ಬೀಗದ ಕೈ ಅವರ ಕುರ್ಚಿಯ ಹಿಂದಿನ ಮೊಳೆಯಲ್ಲಿ. ಕಪಾಟು ತೆರೆಯುತ್ತಿದ್ದವರು ಇಬ್ಬರೇ: ಚಿಕ್ಕಮ್ಮ ಮತ್ತು ಮೇಣದಕ್ಕ. ಅವನು ಒಮ್ಮೆಯೂ ಅದಕ್ಕೆ ಕೈ ಹಾಕಿದವನಲ್ಲ. ಅದೇ ತನ್ನ ದೊಡ್ಡ ರಕ್ಷಣೆ ಎಂದು ಅವನಿಗೆ ಹೊಳೆಯಿತು. ಚಿನ್ನ ಕಾಣೆಯಾದರೆ ಊರವರ ಕಣ್ಣು ಎತ್ತ ತಿರುಗುತ್ತದೆಂದು ಬೇರೆ ಹೇಳಬೇಕೆ?

ಒಂದು ಮಧ್ಯಾಹ್ನ ಚಿಕ್ಕಮ್ಮ ಊಟಕ್ಕೆ ಹೋದಾಗ ಅವನು ಕೋಣೆಗೆ ಹೋದ, ಕಪಾಟು ತೆರೆದ. ಮಧ್ಯದ ಅರೆಯಲ್ಲಿ ನೀಲಿ ಡಬ್ಬಿ. ಅಲುಗಿಸಿದ, ಚಿನ್ನ ಸಣ್ಣಗೆ ಉಲಿಯಿತು. ಡಬ್ಬಿ ಸಮೇತ ಜೇಬಿಗಿಳಿಸಿ, ಬೀಗ ಹಾಕಿ, ಕೀಲಿಯನ್ನು ಮೊಳೆಗೆ ತಗುಲಿಸಿದ. ಸಂಜೆಗೆ ಡಬ್ಬಿ ಅವನ ಕಾರಿನ ಸ್ಟೆಪ್ನಿ ಟೈರಿನ ಕೆಳಗೆ ಮಲಗಿತ್ತು.

ಮರುದಿನ ಚಿಕ್ಕಮ್ಮ ಎಲ್ಲರನ್ನೂ ಸೇರಿಸಿದರು. "ಕಪಾಟಲ್ಲಿದ್ದ ಚಿನ್ನ ಕಾಣ್ತಿಲ್ಲ. ತಗೊಂಡವರು ತಂದಿಟ್ಬಿಡಿ" ಎಂದಷ್ಟೇ ಹೇಳಿದರು. ಮೇಣದಕ್ಕನ ಮುಖ ಅವಳ ಮೇಣಕ್ಕಿಂತ ಬಿಳಿಚಿಕೊಂಡಿತ್ತು. "ಅಮ್ಮಾ, ನಾನು ನಿನ್ನೆ ಕಪಾಟು ತೆಗೆದೇ ಇಲ್ಲ" ಎಂದಳು. ಕೇಳುವ ಮೊದಲೇ ಹೇಳಿದ್ದು ಅವಳ ತಪ್ಪು. ಮ್ಯಾನೇಜರ್ ಒಳಗೊಳಗೇ ಹಿಗ್ಗಿದ.

ಪೊಲೀಸರ ಗೊಡವೆ ಚಿಕ್ಕಮ್ಮನಿಗೆ ಬೇಡವಾಗಿತ್ತು. ಅವನಿಗೆ ಅದೂ ಮೊದಲೇ ಗೊತ್ತಿತ್ತು.

"ಎದುರಿಗೆ ಕೇಳಿದ್ರೆ ಯಾರೂ ಬಾಯಿ ಬಿಡಲ್ಲ ಚಿಕ್ಕಮ್ಮ. ಆನ್‌ಲೈನ್ ಸಮೀಕ್ಷೆ ಮಾಡೋಣ. ಹೆಸರು ಬೇಡ, ಅಭಿಪ್ರಾಯ ಸಾಕು."

"ಇಷ್ಟು ವರ್ಷ ಬಾಯಿ ಬಿಡಿಸಿಯೇ ಅನ್ನ ತಿಂದಿದ್ದೀವಿ. ಈಗ ಅದಕ್ಕೂ ಕಂಪ್ಯೂಟರ್ ಬೇಕೇನೋ?" ಎಂದರು ಚಿಕ್ಕಮ್ಮ. ಆಮೇಲೆ, "ಮಾಡು. ನನಗೂ ಕಳಿಸು. ನಾನೂ ಇಲ್ಲಿ ಕೆಲಸ ಮಾಡೋಳೇ ತಾನೆ?"

ಮ್ಯಾನೇಜರ್ ಸಮೀಕ್ಷೆ ತಯಾರಿಸುವ ತಂತ್ರಾಂಶ ತೆರೆದು ಕೂತ. ಮೇಣದಕ್ಕನ ಚೀಲದಲ್ಲಿ ಒಂದು ತುಣುಕು ಚಿನ್ನ ಇಟ್ಟರೆ ಆಗುತ್ತಿತ್ತು. ಆದರೆ ಅದು ದಡ್ಡರ ದಾರಿ. ಸಾಕ್ಷಿಗೆ ಎದುರು ಸಾಕ್ಷಿ ಹುಟ್ಟಬಹುದು. ಹತ್ತು ಜನರ ಅಭಿಪ್ರಾಯಕ್ಕೆ ಏನು ಉತ್ತರ ಕೊಡುತ್ತೀಯ? ಒಂದೇ ಒಂದು ಸುಳ್ಳು ಉತ್ತರವನ್ನೂ ಅವನು ತುಂಬುವವನಲ್ಲ. ಜನರೇ ಹೇಳಬೇಕು, ತಾವಾಗಿಯೇ ಹೇಳಿದೆವು ಅಂದುಕೊಂಡು ಹೇಳಬೇಕು.

ಮೊದಲ ಪ್ರಶ್ನೆಗಳು ಬೆಣ್ಣೆಯಂಥವು. ಬೆಂಚಿಗೆ ಬೆಳಕು ಸಾಲುತ್ತಿದೆಯೇ? ಧೂಳಿಗೆ ಮುಖಗವಸು ಸಿಗುತ್ತಿದೆಯೇ? ಚಹಾ ಹೊತ್ತಿಗೆ ಸರಿಯಾಗಿ ಬರುತ್ತಿದೆಯೇ? ಹೌದು ಹೌದು ಎಂದು ಒತ್ತುತ್ತಾ ಬಂದ ಬೆರಳು ಮುಂದೆಯೂ ಹೌದು ಅನ್ನುತ್ತದೆ. ಆಮೇಲೆ: ಬೆಲೆಬಾಳುವ ವಸ್ತುಗಳ ಕಪಾಟನ್ನು ಹೆಚ್ಚಾಗಿ ತೆರೆಯುವವರು ಯಾರು? ಅದರ ಬೆನ್ನಿಗೇ: ಒಬ್ಬರನ್ನೇ ಅತಿಯಾಗಿ ನಂಬಿದರೆ ಅದು ದುರುಪಯೋಗವಾಗಬಹುದೇ? ಆರನೆಯದನ್ನು ತನಿಖೆಯ ಗಾಂಭೀರ್ಯ ಬರಲೆಂದು ಸೇರಿಸಿದ: ಇತ್ತೀಚೆಗೆ ಯಾರಾದರೂ ನೀಲಿ ಡಬ್ಬಿ ಹಿಡಿದುಕೊಂಡು ಓಡಾಡಿದ್ದನ್ನು ಕಂಡಿದ್ದೀರಾ? ಎಲ್ಲರೂ ಇಲ್ಲ ಅನ್ನುತ್ತಾರೆ, ಅನ್ನಲಿ. ಕೊನೆಯದು: ಲ್ಯಾಬಿನ ಹೊಣೆಯನ್ನು ಮನೆಯವರ ಕೈಗೇ ಕೊಡುವುದು ಕ್ಷೇಮವೇ?

ಪ್ರತಿ ಪ್ರಶ್ನೆಗೂ ಕಡ್ಡಾಯದ ಕೆಂಪು ಚುಕ್ಕಿ ಹಾಕಿದ. ಹಿಂದಕ್ಕೆ ಹೋಗುವ ಗುಂಡಿ ತೆಗೆದ. ಹೆಸರು, ಫೋನ್ ನಂಬರ್ ದಾಖಲಾಗದಂತೆ ಮಾಡಿದ. ತನ್ನ ಫೋನಿನಲ್ಲೇ ಒಂದು ಸಲ ಆಡಿಸಿ ನೋಡಿದ. ಬಲೆಯ ಒಂದು ಕಣ್ಣೂ ಹರಿದಿರಲಿಲ್ಲ.

ಲಿಂಕ್ ಹೋಯಿತು. ಅವನಿಗೆ ಊಟ ಸೇರಲಿಲ್ಲ. ಪ್ರತಿ ಉತ್ತರ ಬಂದಾಗಲೂ ಪರದೆಯ ಮೇಲಿನ ಬಣ್ಣದ ಚಕ್ರ ಒಂದಿಷ್ಟು ತಿರುಗುತ್ತಿತ್ತು. ಕಪಾಟು ತೆರೆಯುವವರು? ಮೇಣದಕ್ಕ, ಮೇಣದಕ್ಕ. ದುರುಪಯೋಗ? ಆಗಬಹುದು. ಚಕ್ರದ ಮುಕ್ಕಾಲು ಪಾಲು ಕೆಂಪಾಯಿತು. ಕೊನೆಯಲ್ಲಿ ಅನಿಸಿಕೆ ಬರೆಯಲು ಬಿಟ್ಟಿದ್ದ ಖಾಲಿ ಜಾಗದಲ್ಲಿ ಒಬ್ಬರು "ಯಾವ ನೀಲಿ ಡಬ್ಬಿ ಸಾರ್?" ಎಂದು ಬರೆದಿದ್ದರು. ಮ್ಯಾನೇಜರ್ ನಕ್ಕ. ಭಟ್ಟಿ ಹತ್ತಿರ ಕೂರುವವನೇ ಇರಬೇಕು. ದಿನವೂ ಚಿನ್ನ ಕರಗಿಸುತ್ತಾನೆ, ಅದು ಯಾವುದರಲ್ಲಿ ಬರುತ್ತದೆಂಬ ಪರಿವೆಯಿಲ್ಲ. ಇಂಥವರನ್ನು ಕಟ್ಟಿಕೊಂಡು ಮೇಣದಕ್ಕ ಲ್ಯಾಬು ನಡೆಸುತ್ತಾಳಂತೆ!

ಬಣ್ಣದ ಚಕ್ರಗಳನ್ನು ಮುದ್ರಿಸಿಕೊಂಡು ಅವನು ಚಿಕ್ಕಮ್ಮನ ಕೋಣೆಗೆ ಹೋದಾಗ ಮೇಣದಕ್ಕ ಬಾಗಿಲ ಬಳಿ ನಿಂತಿದ್ದಳು. ಏಪ್ರನ್ ಮಡಿಸಿ ಕೈಯಲ್ಲಿ ಹಿಡಿದಿದ್ದಳು.

"ಅಮ್ಮಾ, ಜನ ನನ್ನನ್ನ ನೋಡೋ ರೀತಿ ನನಗೆ ತಡಿಯೋಕೆ ಆಗ್ತಿಲ್ಲ. ನಾನು ಬಿಟ್ಟು ಹೋಗ್ತೀನಿ."

"ಸುಮ್ನೆ ಕೂತ್ಕೋ" ಎಂದರು ಚಿಕ್ಕಮ್ಮ.

ಮ್ಯಾನೇಜರ್ ಹಾಳೆಗಳನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ದನಿಯಲ್ಲಿ ಎಷ್ಟು ಬೇಕೋ ಅಷ್ಟೇ ದುಃಖ ತುಂಬಿಕೊಂಡ. "ನನಗೂ ಕಷ್ಟ ಆಗ್ತಿದೆ ಚಿಕ್ಕಮ್ಮ. ಆದ್ರೆ ಇದು ನಾನು ಹೇಳ್ತಿರೋದಲ್ಲ. ಎಲ್ಲರ ಉತ್ತರ."

ಚಿಕ್ಕಮ್ಮ ಹಾಳೆಗಳನ್ನು ಮುಟ್ಟಲಿಲ್ಲ. ಫೋನಿನಲ್ಲಿ ಬೆರಳಿಟ್ಟು ಏನೋ ಓದುತ್ತಿದ್ದವರು ತಲೆಯೆತ್ತಿ, "ಉತ್ತರ ಆಮೇಲಾಯ್ತು. ನಾನಿನ್ನೂ ಪ್ರಶ್ನೆಯಲ್ಲೇ ಇದ್ದೀನಿ. ಆರನೇದು ಮುಂದಕ್ಕೆ ಹೋಗೋಕೇ ಬಿಡ್ತಿಲ್ಲ ಕಣೋ" ಎಂದರು. ಮೇಜಿನ ಖಾನೆಯಿಂದ ಮುಚ್ಚಳ ಕಿತ್ತುಬಂದ ಹಳೇ ಸ್ಟೀಲ್ ಡಬ್ಬಿಯೊಂದನ್ನು ತೆಗೆದು ಅವನ ಹಾಳೆಗಳ ಮೇಲೆ ಇಟ್ಟರು. "ನಿಮ್ಮ ಚಿಕ್ಕಪ್ಪನ ಕಾಲದಿಂದ ಚಿನ್ನ ಇದ್ದಿದ್ದು ಇದರಲ್ಲಿ. ಬೆಂಚಲ್ಲಿ ಕೂರೋರಿಗೆಲ್ಲ ಗೊತ್ತು. ಕಳುವಾದ ದಿನ ಬೆಳಿಗ್ಗೆ ಇದರ ಮುಚ್ಚಳ ಕಿತ್ತುಬಂತು. ಬ್ಯಾಗಲ್ಲಿ ನಂದೊಂದು ಡಬ್ಬಿ ಇತ್ತು, ರಾತ್ರಿ ನನ್ನ ಹಲ್ಲುಸೆಟ್ಟು ತೆಗೆದಿಡೋದು. ಸದ್ಯಕ್ಕಿರಲಿ ಅಂತ ಅದಕ್ಕೆ ಸುರಿದು ಒಳಗಿಟ್ಟೆ. ನನಗೆ ಹಲ್ಲಿಲ್ಲ ಅನ್ನೋದೇ ಇಲ್ಲಿ ಯಾರಿಗೂ ಗೊತ್ತಿಲ್ಲ, ಇನ್ನು ಡಬ್ಬಿ ವಿಷಯ ಯಾರಿಗೆ ಹೇಳ್ಲಿ? ಇವಳಿಗೂ ಹೇಳಿಲ್ಲ." ಮೇಣದಕ್ಕನ ಕೈಯಲ್ಲಿದ್ದ ಏಪ್ರನ್ ನಿಧಾನವಾಗಿ ಬಿಚ್ಚಿಕೊಂಡಿತು. ಚಿಕ್ಕಮ್ಮ ಫೋನನ್ನು ಅವನ ಕಡೆ ತಿರುಗಿಸಿದರು. "ಆವತ್ತಿಂದ ಹಲ್ಲನ್ನ ಲೋಟದಲ್ಲಿ ಹಾಕಿಟ್ಟು ಮಲಗ್ತಿದ್ದೀನಿ. ಎದ್ದು ಹೋಗಿ ಮೊದಲು ನನ್ನ ನೀಲಿ ಡಬ್ಬಿ ತಂದ್ಕೊಡು."